ಹಾಲುಣಿಸುವ ಸಲಹೆ ಚೆನ್ನ, ಕಾರ್ಡಿನ ಪದಗಳದ್ದೇ ಗೊಂದಲ

ದಾವಣಗೆರೆಯ ಖಾಸಗಿ ಹೆರಿಗೆ ಆಸ್ಪತ್ರೆಯೊಂದು ಬಾಣಂತಿಯರಿಗೆ ಹಾಲುಣಿಸುವ ಸಲಹೆಯ ಜೊತೆಗೆ ಮಡಚುವ ದಾಖಲೆ ಕಾರ್ಡ್ ಒಂದನ್ನು ಕೊಡುತ್ತದೆ. ಸಲಹೆಗೆ ಐದಕ್ಕೆ ನಾಲ್ಕು ಸ್ಟಾರ್, ಕಾರ್ಡಿಗೆ ಎರಡೇ.

ಸಲಹೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಗು ಬಾಯಿ ಅಗಲಿಸುವ ತನಕ ನರ್ಸ್‌ಗಳು ಕಾಯುತ್ತಾರೆ. ಗದ್ದ ಎದೆಗೆ ತಾಗಬೇಕು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು ಎಂದು ಕೈ ಹಿಡಿದು ತೋರಿಸುತ್ತಾರೆ. ದಿನಕ್ಕೆ 8ರಿಂದ 12 ಸಲ ಕುಡಿಸಿ, ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂಬ ಲೆಕ್ಕವನ್ನೂ ಹೇಳಿಕೊಡುತ್ತಾರೆ. ಮೂರನೇ ದಿನಕ್ಕೇ ಡಬ್ಬಿ ಹಾಲು ತರಿಸುವ ಮನೆಗಳಿಗೆ ಇದು ಸಾಕು.

ತಕರಾರು ಇರುವುದು ಕಾರ್ಡಿನ ಮೊದಲ ಪ್ರಶ್ನೆಯಲ್ಲೇ: 'ಬರೀ ಎದೆಹಾಲು ಕೊಡುತ್ತಿದ್ದೀರಾ? ಹೌದು / ಇಲ್ಲ.' ನಮ್ಮ ಕಡೆ ಇದಕ್ಕೆ ಸಿಗುವ ಉತ್ತರ, "ಬರೀ ಎದೆಹಾಲೇ ರೀ, ಬಿಸ್ಲಿಗೆ ಒಂದೆರಡು ಒಳಲೆ ನೀರು ಅಷ್ಟೇ." ಕಾರ್ಡಿನಲ್ಲಿ ಹೌದು ಎಂದು ಟಿಕ್ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಲ್ಲಿ ನೀರು ಕೊಟ್ಟರೆ ಅದು 'ಎದೆಹಾಲು ಮಾತ್ರ' ಅಲ್ಲ. ಹಿಂಡಿ ಒಳಲೆಯಲ್ಲಿ ಕುಡಿಸಿದ ತಾಯಿಹಾಲು, ವಿಟಮಿನ್ ಡ್ರಾಪ್ಸ್, ಔಷಧಿ, ಓಆರ್‌ಎಸ್ ನಡೆಯುತ್ತವೆ. ಕಾಸಿ ಆರಿಸಿದ ನೀರು, ಜೇನು, ಸಕ್ಕರೆ ನೀರು ನಡೆಯುವುದಿಲ್ಲ. ತೇದು ನೆಕ್ಕಿಸುವ ಬಜೆ, ಗ್ರೈಪ್ ವಾಟರ್ ಔಷಧಿಯೋ ಅಲ್ಲವೋ? ಕಾರ್ಡ್ ಮುದ್ರಿಸುವವರು ಒಂದು ತೀರ್ಮಾನ ಮಾಡಿ ಹಿಂಬದಿಯಲ್ಲಿ ಅಚ್ಚು ಹಾಕಲೇಬೇಕು. ಇಲ್ಲವಾದರೆ ಒಬ್ಬ ನರ್ಸ್ ಹೌದು ಬರೆಯುತ್ತಾರೆ, ಮಧ್ಯಾಹ್ನದ ಪಾಳಿಯವರು ಇಲ್ಲ ಬರೆಯುತ್ತಾರೆ.

ಇದು ಹಳೇ ರೋಗ. ಒಂದೇ ಪದಕ್ಕೆ ಒಬ್ಬೊಬ್ಬ ಸಂಶೋಧಕರದು ಒಂದೊಂದು ಅರ್ಥವಾದಾಗ, 1990ರಲ್ಲಿ ಲಾಬೊಕ್ ಮತ್ತು ಕ್ರಾಸೊವೆಕ್ ಎಂಬಿಬ್ಬರು ಎದೆಹಾಲೂಡಿಕೆಯನ್ನು ಪೂರ್ಣ, ಭಾಗಶಃ, ನೆಪಮಾತ್ರ ಎಂದು ವಿಂಗಡಿಸಿ, ಭಾಗಶಃ ಎನ್ನುವುದನ್ನು ಮತ್ತೆ ಹೆಚ್ಚು, ಮಧ್ಯಮ, ಕಡಿಮೆ ಎಂದು ಒಡೆದರು. ದಿನಕ್ಕೊಂದು ಬಾಟಲಿ ಡಬ್ಬಿ ಹಾಲು ಕುಡಿಯುವ ಮಗುವನ್ನೂ ಸಮಾಧಾನಕ್ಕಷ್ಟೇ ಎದೆ ಚೀಪುವ ಮಗುವನ್ನೂ ಒಂದೇ ಪಟ್ಟಿಗೆ ಸೇರಿಸಬಾರದೆಂಬುದು ಅವರ ತಕರಾರು. ಈ ಕಾರ್ಡಿನಲ್ಲಿ ಇಬ್ಬರಿಗೂ ಇರುವುದು ಒಂದೇ 'ಇಲ್ಲ'.

ಕಾಲದ ಲೆಕ್ಕವೂ ಇಲ್ಲ. ಸಮೀಕ್ಷೆಗಳು ಕೇಳುವುದು ನಿನ್ನೆಯ ಹಗಲು-ರಾತ್ರಿಯದ್ದು. ಹುಟ್ಟಿದ ದಿನ ಜೇನು ನೆಕ್ಕಿ, ನಿನ್ನೆ ಎದೆಹಾಲು ಮಾತ್ರ ಕುಡಿದ ಮಗು ಆ ಲೆಕ್ಕದಲ್ಲಿ ಪಾಸು. 'ಹುಟ್ಟಿದಾಗಿನಿಂದ' ಎಂದು ಕೇಳಿದರೆ ಫೇಲು. ಎರಡನ್ನೂ ಕೇಳಿ, ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಬೇಕು. ಮೆಡಿಕಲ್ ಕಾಲೇಜುಗಳ ಊರಿದು, ನಾಳೆ ಯಾವುದೋ ಪಿಜಿ ವಿದ್ಯಾರ್ಥಿ ಈ ಕಾರ್ಡುಗಳನ್ನೇ ಕೂಡಿಸಿ ಥೀಸಿಸ್ ಬರೆದರೆ ಆಶ್ಚರ್ಯವಿಲ್ಲ.

ತಾಯಂದಿರಿಗೆ ನೇರವಾಗಿ ತಟ್ಟುವ ತಪ್ಪು '6ನೇ ತಿಂಗಳಿಗೆ ಪೂರಕ ಆಹಾರ' ಎಂಬ ಸಾಲು. ಜನವರಿ 10ಕ್ಕೆ ಹುಟ್ಟಿದ ಮಗುವಿಗೆ ಜೂನ್ 10ಕ್ಕೇ 'ಆರರಲ್ಲಿ ಬಿತ್ತು' ಎನ್ನುತ್ತೇವೆ. ಆರು ತುಂಬುವುದು ಜುಲೈ 10ಕ್ಕೆ. ಒಂದು ತಿಂಗಳು ಮೊದಲೇ ರಾಗಿ ಸರಿ ಶುರುವಾಗುತ್ತದೆ. 'ಪೂರಕ ಆಹಾರ' ಎಂದರೂ ಕಷ್ಟ: ಅಂಗನವಾಡಿಯ ಪೊಟ್ಟಣಕ್ಕೂ ಅದೇ ಹೆಸರು, ಹಾಲು ಸಾಲದಾಗ ಕೊಡುವ ಡಬ್ಬಿ ಹಾಲಿಗೂ ಕೆಲವರು ಅದನ್ನೇ ಅನ್ನುತ್ತಾರೆ. 'ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತನೆ ಊಟ' ಎಂದು ಬರೆದಿದ್ದರೆ ಚಳ್ಳಕೆರೆಯ ಅಜ್ಜಿಗೂ ತಿಳಿಯುತ್ತಿತ್ತು.

ಹಿಂಡಿದ ಹಾಲನ್ನು 'ಕೋಣೆಯ ಉಷ್ಣಾಂಶದಲ್ಲಿ 4 ಗಂಟೆ' ಇಡಬಹುದು ಎಂದಿದ್ದಾರೆ. ಆ ನಾಲ್ಕು ಗಂಟೆ 25 ಡಿಗ್ರಿಯವರೆಗಿನ ಕೋಣೆಗೆ. ಏಪ್ರಿಲ್‌ನಲ್ಲಿ ಇಲ್ಲಿ ಅಂಥ ಕೋಣೆ ಎಲ್ಲಿದೆ? ನೇರ ಫ್ರಿಜ್ಜಿಗೆ ಇಡಿ, 4 ದಿನದೊಳಗೆ ಬಳಸಿ.

ಸೇವೆ ತೆಗೆದುಕೊಳ್ಳಿ, ಕಾರ್ಡೂ ಇಟ್ಟುಕೊಳ್ಳಿ. ಮನೆಗೆ ಹೋಗುವ ಮುಂಚೆ ಆರು ತಿಂಗಳು ತುಂಬುವ ತಾರೀಖನ್ನು ನರ್ಸ್ ಕೈಲೇ ದಪ್ಪ ಪೆನ್ನಲ್ಲಿ ಮೇಲೆ ಬರೆಸಿಕೊಳ್ಳಿ.