ಸ್ಯಾನ್ ಹಸಿಂಟೊ ಹತ್ತೋಕೆ ಟ್ರಾಮ್ ವಾಸಿನಾ, ಐಡಿಲ್‌ವೈಲ್ಡ್ ದಾರಿನಾ?

ದಕ್ಷಿಣ ಕ್ಯಾಲಿಫೋರ್ನಿಯಾದ ಮೌಂಟ್ ಸ್ಯಾನ್ ಹಸಿಂಟೊ ಸ್ಟೇಟ್ ಪಾರ್ಕ್‌ಗೆ ಹೋಗೋಣ ಅಂದರೆ ಸಾಕು, ನಮ್ಮ ಗೆಳೆಯರಲ್ಲಿ ಎರಡು ಪಕ್ಷ ಆಗುತ್ತದೆ. ಪಾಮ್ ಸ್ಪ್ರಿಂಗ್ಸ್‌ನಿಂದ ಟ್ರಾಮ್, ಅಂದರೆ ತಂತಿಗೆ ತೂಗುಬಿದ್ದು ಬೆಟ್ಟ ಏರುವ ರೋಪ್‌ವೇ, ಹತ್ತುವವರು ಒಂದು ಕಡೆ, ಐಡಿಲ್‌ವೈಲ್ಡ್ ಊರಿನಿಂದ ನಡೆದೇ ಹೋಗುವವರು ಇನ್ನೊಂದು ಕಡೆ. ಎರಡೂ ಕಡೆಯಿಂದ ನಾನು 10,834 ಅಡಿಯ ತುದಿ ಮುಟ್ಟಿದ್ದೇನೆ. ನನ್ನ ಓಟು ಐಡಿಲ್‌ವೈಲ್ಡ್‌ಗೆ. ಆದರೆ ಎಲ್ಲರಿಗೂ ಅದನ್ನೇ ಹೇಳುವುದಿಲ್ಲ.

ಟ್ರಾಮ್ 1963ರಿಂದ ಓಡುತ್ತಿದೆ. ಮರಳುಗಾಡಿನ ಅಂಚಿನ 2,643 ಅಡಿಯಿಂದ 8,516 ಅಡಿಗೆ ಸುಮಾರು ಹತ್ತು ನಿಮಿಷ. ಒಳಗಿನ ನೆಲ ನಿಧಾನವಾಗಿ ಸುತ್ತುತ್ತದೆ, ಹಾಗಾಗಿ ಕಿಟಕಿ ಪಕ್ಕದ ಜಾಗಕ್ಕೆ ಜಗಳ ಇಲ್ಲ. ಕೆಳಗೆ ಬೆವರು ಒರೆಸಿಕೊಂಡವರು ಮೇಲೆ ಇಳಿದ ತಕ್ಷಣ ಸ್ವೆಟರ್ ಹುಡುಕುತ್ತಾರೆ. ಅಲ್ಲಿಂದ ತುದಿಗೆ ಐದೂವರೆ ಮೈಲಿ.

ತೊಂದರೆ ಎಲ್ಲಿ ಅಂದರೆ, ಕಾಲು ಉಳಿಯುತ್ತದೆ, ತಲೆ ಹಿಡಿದುಕೊಳ್ಳುತ್ತದೆ. ಮೈಗೆ ಎತ್ತರ ಒಗ್ಗಲು ಹೊತ್ತೇ ಸಿಗುವುದಿಲ್ಲ. ನಮ್ಮ ಜೊತೆ ಬಂದಿದ್ದ, ದಿನಾ ಜಿಮ್‌ಗೆ ಹೋಗುವ ಹುಡುಗ ತುದಿಗೆ ಹೋಗುವ ದಾರಿಯಲ್ಲಿ ಸಿಗುವ ವೆಲ್‌ಮನ್ ಡಿವೈಡ್ ಅನ್ನೋ ಏಣಿನ ಹತ್ತಿರ ತಲೆನೋವು ಅಂತ ಕೂತುಬಿಟ್ಟ. ಅದಕ್ಕೇ ಈ ಕಡೆಯಿಂದ ಹೋದರೆ ಎರಡು ಮೈಲಿ ದೂರದ ರೌಂಡ್ ವ್ಯಾಲಿಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯುವುದು ವಾಸಿ. ಪರ್ಮಿಟ್ ಮೊದಲೇ ತೆಗೆದುಕೊಳ್ಳಬೇಕು. ಸೌದೆ ಬೆಂಕಿ ಹಾಕುವಂತಿಲ್ಲ, ಸ್ಟೋವ್ ಒಂದೇ ಗತಿ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ಸುತ್ತಮುತ್ತಲೇ ಕುದಿಯುವುದರಿಂದ ಬೇಳೆ ಬೇಗ ಬೇಯುವುದೇ ಇಲ್ಲ. ಕುಕ್ಕರ್ ಹೊತ್ತು ಬರುವವರು ಯಾರು? ಅವಲಕ್ಕಿಗೆ ಬಿಸಿನೀರು ಚಿಮುಕಿಸಿ, ಮನೆಯಿಂದ ತಂದ ಗೊಜ್ಜು ಕಲಸಿಕೊಳ್ಳಿ, ಸಾಕು.

ವಾಪಸ್ ಬರುವಾಗ ಇನ್ನೊಂದು ಕಾಟ. ಎಲ್ಲ ಇಳಿದಾಯಿತು ಅಂದುಕೊಂಡಾಗ ಸ್ಟೇಷನ್‌ಗೆ ಹೋಗುವ ಕಾಂಕ್ರೀಟ್ ದಾರಿ ಅಂಕುಡೊಂಕಾಗಿ ಮೇಲಕ್ಕೇ ಹತ್ತುತ್ತದೆ. ಐಸ್‌ಕ್ರೀಮ್ ಹಿಡಿದ ಪುಟ್ಟ ಮಕ್ಕಳು ನಮ್ಮನ್ನು ದಾಟಿಕೊಂಡು ಹೋಗುತ್ತಿರುತ್ತಾರೆ.

ಐಡಿಲ್‌ವೈಲ್ಡ್ ಊರೇ ಹೆಚ್ಚುಕಮ್ಮಿ ನಮ್ಮ ಕುಮಾರಪರ್ವತದ ತುದಿಯಷ್ಟು ಎತ್ತರದಲ್ಲಿದೆ. ಊರೊಳಗಿನ ಸ್ಟೇಟ್ ಪಾರ್ಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಹಿಂದಿನ ರಾತ್ರಿ ಮಲಗಿದರೆ ಮೈ ಅರ್ಧ ಒಗ್ಗಿಕೊಂಡಿರುತ್ತದೆ. ನಡೆದು ಹೋಗಿ ಬಿಸಿ ಕಾಫಿ ಕುಡಿದು ಬರಬಹುದು. ಬೆಳಗ್ಗೆ ಹಂಬರ್ ಪಾರ್ಕ್‌ನಿಂದ ಡೆವಿಲ್ಸ್ ಸ್ಲೈಡ್ ಅನ್ನೋ ಕಾಲುದಾರಿ ಹಿಡಿದರೆ ತುದಿಗೆ ಸುಮಾರು ಎಂಟು ಮೈಲಿ, 4,300 ಅಡಿಗೂ ಜಾಸ್ತಿ ಏರು. ಹೆಸರು ಕೇಳಿ ಹೆದರಬೇಡಿ. ದಾರಿ ಸಲೀಸಾಗಿದೆ, ಪೈನ್ ಮರಗಳ ನೆರಳಿದೆ. ದೊಡ್ಡ ಜೆಫ್ರಿ ಪೈನ್ ಸಿಕ್ಕರೆ ತೊಗಟೆಯ ಸೀಳಿಗೆ ಮೂಗಿಟ್ಟು ನೋಡಿ, ವೆನಿಲಾ ಪರಿಮಳ! ಬೇಸಿಗೆಯ ವಾರಾಂತ್ಯದಲ್ಲಿ ಈ ದಾರಿಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುತ್ತದೆ, ಆ ಪರ್ಮಿಟ್‌ಗೆ ಕಿತ್ತಾಟ ಇದ್ದದ್ದೇ.

ಎರಡು ದಾರಿಯೂ ವೆಲ್‌ಮನ್ ಡಿವೈಡ್‌ನಲ್ಲಿ ಒಂದಾಗುತ್ತವೆ. ತುದಿಯ ಕೆಳಗೆ 1930ರ ದಶಕದ ಕಲ್ಲಿನ ಗುಡಿಸಲಿದೆ. ಆಮೇಲೆ ಬರೀ ಬಂಡೆ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಮಾತ್ರ ಯೋಚನೆಯೇ ಬೇಡ, ಟ್ರಾಮ್. ಮೇಲಿನ ಸ್ಟೇಷನ್ ಪಕ್ಕದ ಲಾಂಗ್ ವ್ಯಾಲಿಯಲ್ಲಿ ಒಂದು ಸುತ್ತು ಹಾಕಿಸಿ ಕರೆದುಕೊಂಡು ಬನ್ನಿ. ಸೆಪ್ಟೆಂಬರ್‌ನಲ್ಲಾದರೆ ಮೊದಲು ವಿಚಾರಿಸಿ, ಸಾಮಾನ್ಯವಾಗಿ ಆಗಲೇ ರಿಪೇರಿಗೆ ನಿಲ್ಲಿಸುವುದು. ಗಾಳಿ ಜೋರಾದರೂ ನಿಲ್ಲಿಸುತ್ತಾರೆ.