ಚೀನಾಕ್ಕೆ ಮೊದಲ ಪ್ರಯಾಣ: ಅಲಿಪೇಯೋ, ವೀಚಾಟ್ ಪೇಯೋ?

ಚೀನಾದಲ್ಲಿ ಹಣ್ಣಿನ ಗಾಡಿಯವರೂ ಕ್ಯೂಆರ್ ಕೋಡನ್ನೇ ಮುಂದೆ ಹಿಡಿಯುತ್ತಾರೆ. ಹಣ ಪಾವತಿಯ ಎರಡು ಆ್ಯಪ್‌ಗಳಾದ ಅಲಿಪೇ, ವೀಚಾಟ್ ಪೇಗಳಲ್ಲಿ ಒಂದನ್ನೇ ಆರಿಸುವುದಾದರೆ ಅಲಿಪೇ ಹಾಕಿಕೊಳ್ಳಿ. ಭಾರತದ ಮೊಬೈಲ್ ನಂಬರಿನಲ್ಲೇ ಖಾತೆ ತೆರೆದು, ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. ದೀದಿ (ನಮ್ಮ ಓಲಾದಂಥ ಸೇವೆ) ಟ್ಯಾಕ್ಸಿ, ಮೆಟ್ರೋ ಕೋಡ್, ಅನುವಾದ ಎಲ್ಲವೂ ಅದರೊಳಗೇ ಇವೆ.

ವೀಚಾಟ್ ಪೇ ಇರುವುದು ವೀಚಾಟ್ ಎಂಬ ಮೆಸೇಜಿಂಗ್ ಆ್ಯಪ್‌ನೊಳಗೆ. ಅದರಲ್ಲಿ ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಕೋಡ್ ಸ್ಕ್ಯಾನ್ ಮಾಡಿ ಖಾತರಿ ಕೊಡಬೇಕಾಗಬಹುದು. ಪರಿಚಿತರಿಲ್ಲದವರು ಸಿಕ್ಕಿಬೀಳುವುದು ಇಲ್ಲೇ. ಆದರೆ ಹೋಟೆಲು ಮೇಜಿನ ಮೇಲಿನ ಆರ್ಡರ್ ಕೋಡ್ ಎಷ್ಟೋ ಕಡೆ ವೀಚಾಟ್‌ನಲ್ಲೇ ತೆರೆಯುತ್ತದೆ, ಅಲ್ಲಿನವರೊಡನೆ ಸಂಪರ್ಕಕ್ಕೂ ಅದೇ ಬೇಕು. ಸಾಧ್ಯವಾದರೆ ಎರಡನೆಯದಾಗಿ ಇರಲಿ.

ಶುಲ್ಕದಲ್ಲಿ ವ್ಯತ್ಯಾಸವಿಲ್ಲ: ವಿದೇಶಿ ಕಾರ್ಡಿನಿಂದ ಒಂದು ಸಲಕ್ಕೆ 200 ಯುವಾನ್‌ವರೆಗಿನ ಪಾವತಿ ಉಚಿತ, ಮೀರಿದರೆ 3%. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ.

ಪಾವತಿ ಕೈಕೊಡುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ಬಂದ್ ಆಗಿರುತ್ತದೆ, ಅಥವಾ ರೋಮಿಂಗ್ ಇಲ್ಲದೆ ಒಟಿಪಿ ಬರುವುದಿಲ್ಲ. ಎರಡನ್ನೂ ಹೊರಡುವ ಮುನ್ನವೇ ಸರಿಪಡಿಸಿ, ಕಾರ್ಡನ್ನೂ ಮನೆಯಲ್ಲೇ ಜೋಡಿಸಿ.

ಫೋನ್ ಚಾರ್ಜ್ ಮುಗಿದಾಗಿನ ಆಪತ್ತಿಗೆ 300 ಯುವಾನ್‌ನಷ್ಟು ನಗದು ಸಾಕು. 10, 20ರ ನೋಟುಗಳೇ ಇರಲಿ, ಗಾಡಿಯವರ ಬಳಿ ಚಿಲ್ಲರೆ ಸಿಗುವುದು ಕಷ್ಟ.