ಚಾನೆಲಿಗೆ 50 ವ್ಯಾಟಿನ ನಾಲ್ಕು ಚಾನೆಲ್ ಆಂಪ್: ಕಾರಿನ ಬಾಗಿಲ ಸ್ಪೀಕರಿಗೆ ಸಾಕೇ?

ಧಾರಾಳ ಸಾಕು, ಪೆಟ್ಟಿಗೆಯ ಮೇಲಿನ 'ಮ್ಯಾಕ್ಸ್ ವ್ಯಾಟ್' ನಂಬಬೇಡಿ, ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವ್ಯಾಟ್) ನೋಡಿ. ಆಂಪಿನ ಗೇನ್ ಎಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊ ಸಿಗ್ನಲಿಗೆ ಆಂಪನ್ನು ಹೊಂದಿಸುವ ತಿರುಪು. ಪೂರ್ತಿ ತಿರುಗಿಸಿದರೆ ಧ್ವನಿ ಒಡೆದು ಟ್ವೀಟರ್ (ಕೀಚು ಸ್ವರದ ಪುಟ್ಟ ಸ್ಪೀಕರ್) ಸುಡಬಹುದು. ಗೇನ್ ಹೊಂದಿಸಲು ಆಂಪಿನಿಂದ ಸ್ಪೀಕರ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗಿಟ್ಟು 400 ಹರ್ಟ್ಸ್ ಟೋನ್ ಹಾಕಿ. ಆಂಪಿನ ಸ್ಪೀಕರ್ ತುದಿಗೆ ಮಲ್ಟಿಮೀಟರ್ ಹಿಡಿದು ಗೇನ್ ಏರಿಸುತ್ತಾ, ಎಸಿ 14 ವೋಲ್ಟ್ ಬಂದಾಗ ನಿಲ್ಲಿಸಿ (ಅಗ್ಗದ ಮೀಟರ್ ಈ ಟೋನಿನ ಮೇಲೆ ತಪ್ಪು ತೋರಿಸಬಹುದು). 4 ಓಮಿನ ಸ್ಪೀಕರಿಗೆ ಅದೇ 50 ವ್ಯಾಟ್. ಹೈಪಾಸ್ (ಕೆಳಗಿನ ಬಾಸ್ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗಿಡಿ. ಆಂಪಿನ ಪವರ್ ವೈರಿಗೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಕಡ್ಡಾಯ.

ಎಕ್ಸಲರೇಟರ್ ಒತ್ತಿದಂತೆ ಕುಂಯ್ ಸದ್ದು ಏರಿದರೆ ಮೊದಲು ಆಂಪಿನ ಅರ್ಥಿಂಗ್ ವೈರ್ ನೋಡಿ: ಕಾರಿನ ಬಾಡಿಯ ಬಣ್ಣ ಕೆರೆದು ಬರಿ ಲೋಹಕ್ಕೇ ಬಿಗಿಯಬೇಕು.

ಒಂದು ಕೊರತೆ: ಕಲಬುರಗಿಯ ಮೇ ಬಿಸಿಲಲ್ಲಿ ಸೀಟಿನಡಿ ಕಾರ್ಪೆಟ್ ಮುಚ್ಚಿಟ್ಟರೆ ಆಂಪ್ ಕಾದು ತಾನೇ ಬಂದ್ ಆಗುತ್ತದೆ.